ನೀರು ತೆಗೆದರೂ ಹೋಗದ ಗಡ್ಡೆ

1971ರ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್‌ನಲ್ಲಿದ್ದ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಹೆಂಗಸೊಬ್ಬರ ತಲೆಯನ್ನು ಹೊಸ ಯಂತ್ರವೊಂದರೊಳಗೆ ಇರಿಸಿದರು. ಯಂತ್ರವನ್ನು ಕಟ್ಟಿದ್ದವರು ಇಎಂಐ ಕಂಪನಿಯ ಎಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್. ಜೊತೆಗಿದ್ದ ಎಕ್ಸ್-ರೇ ತಜ್ಞರು ಜೇಮ್ಸ್ ಆಂಬ್ರೋಸ್. ರೋಗಿಯ ಮಿದುಳಿನ ಮುಂಭಾಗದಲ್ಲಿ ಗಡ್ಡೆ ಇರಬಹುದೆಂಬುದು ವೈದ್ಯರ ಗುಮಾನಿಯಾಗಿತ್ತು. ಯಂತ್ರ ಅಳೆದ ಅಂಕಿಗಳನ್ನು ಟೇಪಿಗೆ ಇಳಿಸಿ, ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿಸಿ ತೆಗೆದ ಚಿತ್ರ ಅಡ್ಡಕ್ಕೆ 80, ಉದ್ದಕ್ಕೆ 80 ಚೌಕಗಳ ಒರಟು ಚಿತ್ರ. ಆದರೂ ಅದರಲ್ಲಿ ದುಂಡನೆಯ ಕಪ್ಪು ಮಚ್ಚೆ ಎದ್ದು ಕಾಣುತ್ತಿತ್ತು. ಶಸ್ತ್ರಚಿಕಿತ್ಸಕರು ತಲೆಬುರುಡೆ ತೆರೆದಾಗ ಚಿತ್ರ ತೋರಿಸಿದ ಜಾಗದಲ್ಲೇ, ಚಿತ್ರ ತೋರಿಸಿದ ಆಕಾರದಲ್ಲೇ ನೀರು ತುಂಬಿಕೊಂಡ ಗಡ್ಡೆ ಇತ್ತು. ಜಗತ್ತಿನಲ್ಲಿ ರೋಗಿಯೊಬ್ಬರಿಗೆ ಮಾಡಿದ ಮೊದಲ ಸಿ.ಟಿ. ಸ್ಕ್ಯಾನ್ ಪತ್ತೆ ಹಚ್ಚಿದ್ದು, ಸಿಸ್ಟ್‌ನಂತೆ ಕಾಣುವ ಗಡ್ಡೆಯನ್ನೇ. ರೋಗ ಎಲ್ಲಿದೆ ಎಂಬುದನ್ನು ಆ ಚಿತ್ರ ಕರಾರುವಾಕ್ಕಾಗಿ ಹೇಳಿತು. ಅದು ಏನು ಎಂಬುದನ್ನು ಹೇಳಲು ತಲೆಬುರುಡೆ ತೆರೆಯಲೇಬೇಕಾಯಿತು. ಈ ಎರಡು ಪ್ರಶ್ನೆಗಳ ನಡುವಿನ ಅಂತರವೇ ಮಿದುಳಿನ ಸಿಸ್ಟ್‌ಗಳ ರೋಗನಿದಾನದ ಸುಮಾರು ಇನ್ನೂರು ವರ್ಷಗಳ ಚರಿತ್ರೆ. ಆ ಚರಿತ್ರೆಯಿಂದ ಒಂದು ಮಾತು ಖಚಿತವಾಗಿ ಹೊರಡುತ್ತದೆ ಎಂಬುದು ನನ್ನ ವಾದ: ಮಿದುಳಿನಲ್ಲಿ ನಿಂತ ನೀರು ರೋಗದ ಗುರುತನ್ನು ಹೇಳುವುದಿಲ್ಲ, ಆ ನೀರನ್ನು ಹಿಡಿದಿಟ್ಟ ಗೋಡೆ ಹೇಳುತ್ತದೆ. ಯಾವ ಯಂತ್ರವೂ ಈ ಗೋಡೆಯ ಬಗ್ಗೆ ಮಾತಾಡಲು ಕಲಿತದ್ದು ಅಂಗಾಂಶವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದವರಿಂದ.

ಸಿಸ್ಟ್ ಎಂದರೆ ದ್ರವ ತುಂಬಿದ ಚೀಲ, ಅಷ್ಟೆ. ಮಿದುಳಿನಲ್ಲಿ ಇಂಥ ಚೀಲ ಹಲವು ಕಾರಣಗಳಿಂದ ಹುಟ್ಟುತ್ತದೆ. ಮಿದುಳನ್ನು ಹೊದ್ದಿರುವ ಜೇಡರಬಲೆಯಂಥ ತೆಳುಪೊರೆಯ ಪದರಗಳ ನಡುವೆ ತಿಳಿನೀರು ಸೇರಿಕೊಂಡರೆ ಅದು ಅರಾಕ್ನಾಯ್ಡ್ ಸಿಸ್ಟ್. ಅದು ಬಹುತೇಕ ಹುಟ್ಟಿನಿಂದಲೇ ಬಂದದ್ದು, ಬಹುತೇಕ ತೊಂದರೆ ಕೊಡದು. ಭ್ರೂಣದ ಮೂರರಿಂದ ಐದನೇ ವಾರದೊಳಗೆ, ನರಕೊಳವೆ ಮುಚ್ಚಿಕೊಳ್ಳುವ ಹೊತ್ತಿನಲ್ಲಿ, ಚರ್ಮವಾಗಬೇಕಿದ್ದ ಕೆಲವು ಕೋಶಗಳು ಒಳಗೆ ಸಿಕ್ಕಿಕೊಂಡರೆ ದಶಕಗಳ ಮೇಲೆ ಎಪಿಡರ್ಮಾಯ್ಡ್ ಗಡ್ಡೆ ಬೆಳೆಯುತ್ತದೆ. ಮಕ್ಕಳ ಕಿರುಮೆದುಳಿನಲ್ಲಿ ಬರುವ ಪೈಲೋಸಿಟಿಕ್ ಆಸ್ಟ್ರೋಸೈಟೋಮ, ದೊಡ್ಡವರ ಕಿರುಮೆದುಳಿನಲ್ಲಿ ಬರುವ ಹಿಮಾಂಜಿಯೋಬ್ಲಾಸ್ಟೋಮ, ಪಿಟ್ಯುಟರಿ ಗ್ರಂಥಿಯ ಮೇಲೆ ಕೂರುವ ಕ್ರೇನಿಯೋಫ್ಯಾರಿಂಜಿಯೋಮ, ಇವು ಮೂರೂ ದೊಡ್ಡ ನೀರಿನ ಚೀಲದ ರೂಪದಲ್ಲಿ ಕಾಣಿಸಿಕೊಳ್ಳಬಲ್ಲವು. ಲಾಡಿಹುಳುವಿನ ಮರಿಗಳು ಮಿದುಳಿಗೆ ಬಂದು ಕೂತರೂ ಸಿಸ್ಟ್ ಆಗುತ್ತದೆ. ಇವೆಲ್ಲವೂ ಬುರುಡೆಯೊಳಗೆ ಜಾಗ ಕಿತ್ತುಕೊಂಡಾಗ ರೋಗಿ ಹೇಳುವ ಕಷ್ಟಗಳು ಹೆಚ್ಚೂಕಡಿಮೆ ಒಂದೇ: ಬೆಳಗಿನ ತಲೆನೋವು, ವಾಂತಿ, ತೂರಾಡುವ ನಡಿಗೆ, ಮಸುಕಾಗುವ ದೃಷ್ಟಿ, ಫಿಟ್ಸ್. ಲಕ್ಷಣಗಳಿಂದ ಜಾಗ ತಿಳಿಯುತ್ತದೆ, ಜಾತಿ ತಿಳಿಯುವುದಿಲ್ಲ. ಹಾಗಾಗಿಯೇ ಅಪರೂಪದ ಗಡ್ಡೆಯೊಂದು ನಿರಪಾಯದ ಸಿಸ್ಟ್ ಎಂದು ಬರೆಸಿಕೊಂಡು ವರ್ಷಗಟ್ಟಲೆ ಉಳಿದುಬಿಡುವುದು ಹಿಂದೆಯೂ ಸಾಧ್ಯವಿತ್ತು, ಈಗಲೂ ಸಾಧ್ಯವಿದೆ.

ಹತ್ತೊಂಬತ್ತನೇ ಶತಮಾನದ ಮೊದಲ ಆರು ದಶಕಗಳಲ್ಲಿ ಈ ಗಡ್ಡೆಗಳನ್ನು ಬೇರೆಬೇರೆಯಾಗಿ ಗುರುತಿಸಿದವರೆಲ್ಲ ಶವಪರೀಕ್ಷೆಯ ಮೇಜಿನ ಪಕ್ಕದಲ್ಲಿ ನಿಂತವರು. ಪ್ಯಾರಿಸ್ಸಿನ ಝಾಂ ಕ್ರೂವೇಯ್ಲಿಯೇ 1829ರಲ್ಲಿ ಮುತ್ತಿನಂತೆ ಹೊಳೆಯುವ ಗಡ್ಡೆಯೊಂದನ್ನು ವರ್ಣಿಸಿದರು. ಇಂದು ನಾವು ಎಪಿಡರ್ಮಾಯ್ಡ್ ಎನ್ನುವುದು ಅದನ್ನೇ. ಅದರ ಮೈ ಬೆಳ್ಳಗೆ, ನುಣ್ಣಗೆ, ಪದರಪದರವಾಗಿ ಇರುತ್ತದೆ. ಒಳಗೆ ತುಂಬಿರುವುದು ಉದುರಿದ ಚರ್ಮದ ಹಳೆಯ ಹೊಟ್ಟು ಮತ್ತು ಕೊಲೆಸ್ಟ್ರಾಲ್. 1838ರಲ್ಲಿ ಬರ್ಲಿನ್ನಿನ ಯೊಹಾನೆಸ್ ಮ್ಯುಲ್ಲರ್ ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಹೊಸ ಹೆಸರು ಕೊಟ್ಟರು. ಇತ್ತ ಲಂಡನ್ನಿನಲ್ಲಿ, ಮೂತ್ರಪಿಂಡದ ಕಾಯಿಲೆಯಿಂದ ಹೆಸರಾದ ರಿಚರ್ಡ್ ಬ್ರೈಟ್ 1831ರಲ್ಲಿ ಅರಾಕ್ನಾಯ್ಡ್ ಪೊರೆಗೆ ಅಂಟಿಕೊಂಡ ತಿಳಿನೀರಿನ ಚೀಲಗಳನ್ನು ದಾಖಲಿಸಿದರು. 1858ರಲ್ಲಿ ವಾಲ್ಮನ್ ಎಂಬವರು ಮಿದುಳಿನ ಮೂರನೇ ಕುಹರದಲ್ಲಿ ಅಂಟಿನಂಥ ದ್ರವ ತುಂಬಿದ ಕೊಲಾಯ್ಡ್ ಸಿಸ್ಟನ್ನು ವರ್ಣಿಸಿದರು. ಎಂದರೆ ಮುಂದೆ ನೂರಾರು ವೈದ್ಯರು ಒಂದಕ್ಕೊಂದು ಗೊಂದಲ ಮಾಡಿಕೊಳ್ಳಲಿದ್ದ ಗಡ್ಡೆಗಳು ಮೂವತ್ತು ವರ್ಷಗಳೊಳಗೆ ಬೇರ್ಪಟ್ಟು ಪುಸ್ತಕ ಸೇರಿದ್ದವು. ಸತ್ತ ಮೇಲೆ ಇವುಗಳಲ್ಲಿ ಗೊಂದಲವಿರಲಿಲ್ಲ, ಏಕೆಂದರೆ ಮೇಜಿನ ಮೇಲೆ ಗೋಡೆ ಕಣ್ಣಿಗೆ ಕಾಣುತ್ತಿತ್ತು, ಬೆರಳಿಗೆ ಸಿಗುತ್ತಿತ್ತು. ಬದುಕಿರುವ ರೋಗಿಯಲ್ಲಿ ಆ ಗೋಡೆಯನ್ನು ಮುಟ್ಟುವ ದಾರಿಯೇ ಇರಲಿಲ್ಲ.

ಆ ದಾರಿಯನ್ನು ಹುಡುಕಿದ ಕಥೆಯಲ್ಲಿ ಮೊದಲ ಅರ್ಧ ಶತಮಾನವೆಲ್ಲ 'ಎಲ್ಲಿ' ಎಂಬ ಪ್ರಶ್ನೆಗೇ ಮೀಸಲು. 1884ರ ನವೆಂಬರ್ 25ರಂದು ಲಂಡನ್ನಿನಲ್ಲಿ ರಿಕ್‌ಮನ್ ಗಾಡ್ಲಿ, ನರವೈದ್ಯ ಹ್ಯೂಸ್ ಬೆನೆಟ್ ಅವರ ಮಾತನ್ನು ನಂಬಿ ರೋಗಿಯೊಬ್ಬರ ತಲೆ ತೆರೆದು ಗಡ್ಡೆಯನ್ನು ಹೊರತೆಗೆದರು. ಕೈಯ ನಿಶ್ಶಕ್ತಿ, ಒಂದು ಬದಿಯ ಸೆಳೆತ, ಇಷ್ಟರಿಂದಲೇ ಬೆನೆಟ್ ಜಾಗವನ್ನು ಲೆಕ್ಕ ಹಾಕಿದ್ದರು, ಲೆಕ್ಕ ತಪ್ಪಲಿಲ್ಲ. ಸುಮಾರು ಒಂದು ತಿಂಗಳಲ್ಲಿ ಸೋಂಕಿನಿಂದ ರೋಗಿ ತೀರಿಕೊಂಡರೂ ಮಿದುಳು ಕೈಗೆಟುಕದ ಅಂಗ ಎಂಬ ನಂಬಿಕೆ ಅಂದಿಗೆ ಮುರಿಯಿತು. 1895ರಲ್ಲಿ ಬಂದ ಎಕ್ಸ್-ರೇ ಬುರುಡೆಯನ್ನು ತೋರಿಸಿತು, ಮಿದುಳನ್ನು ತೋರಿಸಲಿಲ್ಲ. ಕ್ರೇನಿಯೋಫ್ಯಾರಿಂಜಿಯೋಮದಂತೆ ಸುಣ್ಣ ಕಟ್ಟಿದ ಗಡ್ಡೆ ಮಾತ್ರ ಅದರಲ್ಲಿ ನೆರಳು ಬೀಳಿಸುತ್ತಿತ್ತು. 1918ರಲ್ಲಿ ಬಾಲ್ಟಿಮೋರಿನ ವಾಲ್ಟರ್ ಡ್ಯಾಂಡಿ ಬುರುಡೆಗೆ ತೂತು ಕೊರೆದು, ಕುಹರಗಳ ದ್ರವ ತೆಗೆದು, ಅದರ ಜಾಗಕ್ಕೆ ಗಾಳಿ ತುಂಬಿ ಎಕ್ಸ್-ರೇ ತೆಗೆಯುವ ವಿಧಾನ ಕಂಡುಹಿಡಿದರು. 1927ರಲ್ಲಿ ಲಿಸ್ಬನ್ನಿನ ಎಗಾಸ್ ಮೊನಿಜ್ ಮಿದುಳಿನ ರಕ್ತನಾಳಗಳಿಗೆ ಔಷಧಿ ಬಿಟ್ಟು ಅವುಗಳ ಚಿತ್ರ ತೆಗೆದರು. ಎರಡೂ ದೊಡ್ಡ ಸಾಧನೆಗಳೇ. ಎರಡೂ ರೋಗಿಗೆ ನೋವಿನ, ಅಪಾಯದ ಪರೀಕ್ಷೆಗಳು. ಆದರೆ ಎರಡರಲ್ಲೂ ಸಿಕ್ಕಿದ್ದು ಪರೋಕ್ಷ ಸಾಕ್ಷಿ. ಕುಹರ ಓರೆಯಾಗಿದೆ, ನಾಳ ಪಕ್ಕಕ್ಕೆ ಸರಿದಿದೆ, ಆದ್ದರಿಂದ ಅಲ್ಲೇನೋ ಇದೆ ಎಂಬುದಷ್ಟೇ ತೀರ್ಮಾನ. ಆ 'ಏನೋ' ನೀರಿನ ಚೀಲವೋ ಗಡ್ಡೆಯೋ ಎಂಬುದನ್ನು ಶಸ್ತ್ರಚಿಕಿತ್ಸಕನ ಸೂಜಿ ಹೇಳಬೇಕಿತ್ತು.

ಸೂಜಿ ಹೇಳಿದ್ದು ಅರ್ಧ ಸತ್ಯ. ಬುರುಡೆಯ ಹಿಂಭಾಗ ತೆರೆದು ಕಿರುಮೆದುಳಿಗೆ ಸೂಜಿ ಚುಚ್ಚಿದಾಗ ತಿಳಿನೀರಿನ ಬದಲು ಹಳದಿ ದ್ರವ ಬರುತ್ತಿತ್ತು. ಅದನ್ನು ಗಾಜಿನ ನಳಿಕೆಯಲ್ಲಿ ಹಿಡಿದು ಬದಿಗಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ತಾನೇ ಹೆಪ್ಪುಗಟ್ಟುತ್ತಿತ್ತು. ಮಿದುಳಿನ ಸಹಜ ದ್ರವ ಹಾಗೆ ಹೆಪ್ಪುಗಟ್ಟುವುದಿಲ್ಲ, ಏಕೆಂದರೆ ಅದರಲ್ಲಿ ಪ್ರೋಟೀನ್ ತೀರಾ ಕಡಿಮೆ. ಈ ದ್ರವದಲ್ಲಿ ರಕ್ತದ ಪ್ರೋಟೀನ್ ತುಂಬಿತ್ತು. ಎಲ್ಲೋ ಒಂದು ಕಡೆ ರಕ್ತನಾಳ ಸೋರುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ಆದರೆ ಆ ಸೋರಿಕೆಯ ಮೂಲವನ್ನು ಹುಡುಕುವ ಅಭ್ಯಾಸ ಇನ್ನೂ ಬಂದಿರಲಿಲ್ಲ. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಹಾರ್ವಿ ಕುಶಿಂಗ್‌ರಂಥ ನಿಪುಣರೂ ಚೀಲ ತೆರೆದು ದ್ರವ ಬರಿದು ಮಾಡಿ ತಲೆ ಮುಚ್ಚುತ್ತಿದ್ದರು. ರೋಗಿಯ ತಲೆನೋವು ಅಂದೇ ಇಳಿಯುತ್ತಿತ್ತು, ದೃಷ್ಟಿ ತಿಳಿಯಾಗುತ್ತಿತ್ತು, ಮಗು ಎದ್ದು ನಡೆದು ಮನೆಗೆ ಹೋಗುತ್ತಿತ್ತು. ಗುಣವಾಯಿತೆಂದು ಎಲ್ಲರೂ ನಂಬುವುದಕ್ಕೆ ಬೇಕಾದ ಪುರಾವೆಯೆಲ್ಲ ಕಣ್ಣ ಮುಂದೆಯೇ ಇರುತ್ತಿತ್ತು. ಕೆಲವು ತಿಂಗಳು ಅಥವಾ ಕೆಲವು ವರ್ಷ ಕಳೆದ ಮೇಲೆ ಅದೇ ರೋಗಿ ಅದೇ ತಲೆನೋವಿನೊಂದಿಗೆ ಮರಳುತ್ತಿದ್ದರು. ನಲ್ಲಿ ಸೋರುತ್ತಲೇ ಇರುವಾಗ ಬಕೆಟ್ಟಿನ ನೀರು ಚೆಲ್ಲಿ ಬಂದಂತಾಗಿತ್ತು ಆ ಚಿಕಿತ್ಸೆ.

ನಲ್ಲಿಯನ್ನು ತೋರಿಸಿಕೊಟ್ಟವರು ಸ್ವೀಡನ್ನಿನ ಲುಂಡ್ ನಗರದ ರೋಗಶಾಸ್ತ್ರಜ್ಞ ಆರ್ವಿಡ್ ಲಿಂಡೌ. ಅವರು ಕಿರುಮೆದುಳಿನ ಸಿಸ್ಟ್‌ಗಳ ಮೇಲೆ 1926ರಲ್ಲಿ ಪ್ರಬಂಧ ಪ್ರಕಟಿಸಿದರು. ಸಂಗ್ರಹಾಲಯದ ಜಾಡಿಗಳಲ್ಲಿದ್ದ ಹಳೆಯ ಮಾದರಿಗಳನ್ನೂ ಶವಪರೀಕ್ಷೆಯ ಹೊಸ ಮಾದರಿಗಳನ್ನೂ ಅವರು ಸಾವಧಾನವಾಗಿ ಪರಿಶೀಲಿಸಿದರು. ಬರೀ ಸಿಸ್ಟ್ ಎಂದು ಚೀಟಿ ಅಂಟಿಸಿದ್ದ ಹಲವು ಚೀಲಗಳ ಒಳಗೋಡೆಯಲ್ಲಿ, ಒಂದು ಮೂಲೆಯಲ್ಲಿ, ರಕ್ತನಾಳಗಳು ಹೆಣೆದುಕೊಂಡ ಪುಟ್ಟ ಕೆಂಪು ಗಂಟೊಂದು, ಎಂದರೆ ಹಿಮಾಂಜಿಯೋಬ್ಲಾಸ್ಟೋಮ, ಅವರಿಗೆ ಕಂಡಿತು. ದೊಡ್ಡ ಚೀಲಕ್ಕೆ ಹೋಲಿಸಿದರೆ ಗಂಟು ಏನೂ ಅಲ್ಲ ಎನಿಸುವಷ್ಟು ಚಿಕ್ಕದು. ರೋಗವಿದ್ದದ್ದು ಮಾತ್ರ ಅದರಲ್ಲೇ. ಉಳಿದ ಗೋಡೆ ದ್ರವದ ಒತ್ತಡಕ್ಕೆ ಚಪ್ಪಟೆಯಾದ ಸಾಮಾನ್ಯ ಮಿದುಳು. ಗಂಟಿನ ನಾಳಗಳಿಂದ ರಕ್ತದ ದ್ರವಭಾಗ ಸೋರಿ ಸೋರಿ ಚೀಲ ಹುಟ್ಟಿತ್ತು. ಲಿಂಡೌ ಅಷ್ಟಕ್ಕೇ ನಿಲ್ಲಲಿಲ್ಲ. ಇಂಥ ಗಂಟಿರುವವರಲ್ಲಿ ಕೆಲವರ ಕಣ್ಣಿನ ಅಕ್ಷಿಪಟಲದಲ್ಲೂ ಅದೇ ಬಗೆಯ ನಾಳದ ಗಂಟುಗಳಿರುವುದನ್ನು, ಮೂತ್ರಪಿಂಡ ಮತ್ತು ಮೇದೋಜೀರಕದಲ್ಲೂ ಸಿಸ್ಟ್‌ಗಳಿರುವುದನ್ನು ಅವರು ಜೋಡಿಸಿದರು. ಕಣ್ಣಿನ ಆ ಗಂಟುಗಳನ್ನು ಜರ್ಮನಿಯ ನೇತ್ರವೈದ್ಯ ಓಯ್ಗೆನ್ ಫಾನ್ ಹಿಪ್ಪೆಲ್ 1904ರಲ್ಲೇ ವರ್ಣಿಸಿದ್ದರು. ಕಣ್ಣಿನ ವೈದ್ಯರು ಕಣ್ಣಿನ ರೋಗವೆಂದೂ ಮಿದುಳಿನ ವೈದ್ಯರು ಮಿದುಳಿನ ಸಿಸ್ಟ್ ಎಂದೂ ಬೇರೆಬೇರೆ ಕಟ್ಟಿಟ್ಟಿದ್ದು ಒಂದೇ ಕಾಯಿಲೆ, ಅದೂ ವಂಶದಲ್ಲಿ ಹರಿಯುವ ಕಾಯಿಲೆ ಎಂಬುದು ಗೊತ್ತಾದದ್ದು, ಒಬ್ಬ ವ್ಯಕ್ತಿ ಚೀಲದ ಗೋಡೆಯನ್ನು ಪೂರ್ತಿಯಾಗಿ ನೋಡಿದ್ದರಿಂದ.

ಲಿಂಡೌ ಅವರ ಕೆಲಸದ ಬೆಲೆಯನ್ನು ಅರಿತವರಲ್ಲಿ ಕುಶಿಂಗ್ ಮೊದಲಿಗರು. 1928ರಲ್ಲಿ ಪರ್ಸಿವಲ್ ಬೇಯ್ಲಿ ಜೊತೆಗೂಡಿ ಅವರು ಮಿದುಳಿನ ರಕ್ತನಾಳದ ಗಡ್ಡೆಗಳ ಮೇಲೆ ಪುಸ್ತಕ ಬರೆದರು. 1931ರಲ್ಲಿ ಕಿರುಮೆದುಳಿನ ಆಸ್ಟ್ರೋಸೈಟೋಮಗಳ 76 ಪ್ರಕರಣಗಳನ್ನು ವಿಮರ್ಶಿಸಿ, ಚೀಲದ ಗೋಡೆಯ ಗಂಟನ್ನು ತೆಗೆಯುವುದೇ ಚಿಕಿತ್ಸೆಯ ತಿರುಳು ಎಂಬ ತೀರ್ಮಾನಕ್ಕೆ ಬಂದರು. ಇಂದಿಗೂ ಮಕ್ಕಳಲ್ಲಿ ಆ ಗಂಟನ್ನು ಪೂರ್ತಿ ತೆಗೆಯಲು ಸಾಧ್ಯವಾದರೆ ಬಹುಪಾಲು ಮಕ್ಕಳು ಗುಣವಾಗುತ್ತಾರೆ. ಕುಶಿಂಗ್ ತಮ್ಮ ಹಳೆಯ ಪ್ರಕರಣಗಳನ್ನು ಹೀಗೆ ಮರುಪರಿಶೀಲಿಸಲು ಸಾಧ್ಯವಾದದ್ದು ಅವರ ಒಂದು ಹಟದಿಂದ. ಸೂಕ್ಷ್ಮದರ್ಶಕದಲ್ಲಿ ಖಚಿತವಾಗದ ಗಡ್ಡೆಯನ್ನು ಅವರು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. 1931ರ ಏಪ್ರಿಲ್ 15ರಂದು ಅವರು ತೆಗೆದ ಎರಡು ಸಾವಿರನೇ ಗಡ್ಡೆ ಎಂದರೆ ಖಚಿತಪಟ್ಟ ಎರಡು ಸಾವಿರನೇ ಗಡ್ಡೆ ಎಂದೇ ಅರ್ಥ. ಆ ಲೆಕ್ಕವನ್ನು ಇಟ್ಟವರು ಲೂಯಿಸ್ ಐಸೆನ್‌ಹಾರ್ಟ್. ಕುಶಿಂಗ್ ಅವರ ಕಚೇರಿ ಸಹಾಯಕಿಯಾಗಿ ಸೇರಿ, ಮುಂದೆ ವೈದ್ಯಕೀಯ ಓದಿ, ಮಿದುಳಿನ ರೋಗಶಾಸ್ತ್ರದಲ್ಲಿ ತಮ್ಮ ಕಾಲದ ಮುಂಚೂಣಿಯ ತಜ್ಞೆಯಾದವರು. ಪ್ರತಿ ರೋಗಿಯ ಗಡ್ಡೆ, ಅದರ ಸೂಕ್ಷ್ಮದರ್ಶಕದ ಗಾಜು, ಫೋಟೋ, ಆಮೇಲಿನ ವರ್ಷಗಳ ಸ್ಥಿತಿ, ಎಲ್ಲವನ್ನೂ ಅವರು ಒಂದೆಡೆ ಕಾಪಾಡಿದರು. ಆ ಸಂಗ್ರಹ ಇಂದು ಯೇಲ್ ವಿಶ್ವವಿದ್ಯಾಲಯದಲ್ಲಿದೆ. ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಅಂಗಾಂಶದ ಚೂರನ್ನು ಗಾಜಿನ ಮೇಲೆ ಒತ್ತಿ ಸವರಿ ಕೆಲವೇ ನಿಮಿಷಗಳಲ್ಲಿ ಗಡ್ಡೆಯನ್ನು ಗುರುತಿಸುವ ಕ್ರಮವನ್ನು ಕುಶಿಂಗ್ ಮತ್ತು ಐಸೆನ್‌ಹಾರ್ಟ್ ರೂಢಿಸಿದರೆ, 1937ರಲ್ಲಿ ಇಂಗ್ಲೆಂಡಿನ ಡೊರೊತಿ ರಸೆಲ್ ಮತ್ತು ಜೊತೆಗಾರರು ಅದನ್ನು ಇನ್ನಷ್ಟು ನಂಬಲರ್ಹವಾಗಿ ಮಾಡಿದರು. ಭಾರತದ ನರಶಸ್ತ್ರಚಿಕಿತ್ಸಾ ವಿಭಾಗಗಳಲ್ಲಿ ಇವತ್ತಿಗೂ ಆ ಕ್ರಮ ನಿತ್ಯದ ಬಳಕೆಯಲ್ಲಿದೆ.

ಲಿಂಡೌ ಕಂಡ ಪುಟ್ಟ ಗಂಟಿನಿಂದ ಹೊರಟ ದಾರಿ ಎಲ್ಲಿಗೆ ಮುಟ್ಟಿತು ಎಂಬುದನ್ನು ನೋಡಿದರೆ ಗೋಡೆಯ ಮಹತ್ವ ಇನ್ನೂ ಸ್ಪಷ್ಟವಾಗುತ್ತದೆ. ಇಬ್ಬರು ವೈದ್ಯರ ಹೆಸರು ಹೊತ್ತ ಫಾನ್ ಹಿಪ್ಪೆಲ್–ಲಿಂಡೌ ಕಾಯಿಲೆ ಸುಮಾರು 36,000 ಜನರಲ್ಲಿ ಒಬ್ಬರಿಗೆ ಬರುತ್ತದೆ. ಮೂರನೇ ಕ್ರೋಮೋಸೋಮಿನಲ್ಲಿರುವ, ಅದಕ್ಕೆ ಕಾರಣವಾದ ವಂಶವಾಹಿ ಯಾವುದೆಂಬುದು 1993ರಲ್ಲಿ ಖಚಿತವಾಯಿತು. ಆ ವಂಶವಾಹಿಯ ಕೆಲಸವನ್ನು ಕೆದಕುತ್ತಾ ಹೋದ ವಿಜ್ಞಾನಿಗಳಿಗೆ, ಜೀವಕೋಶ ತನಗೆ ಆಮ್ಲಜನಕ ಸಾಲುತ್ತಿದೆಯೇ ಎಂದು ಅಳೆಯುವ ಬಗೆ ತಿಳಿಯಿತು. ವಂಶವಾಹಿ ಕೆಟ್ಟಾಗ ಕೋಶ ಆಮ್ಲಜನಕವಿದ್ದರೂ ಇಲ್ಲವೆಂದು ಭ್ರಮಿಸಿ ಹೊಸ ರಕ್ತನಾಳಗಳನ್ನು ಕರೆಯುತ್ತಲೇ ಇರುತ್ತದೆ. ನಾಳಗಳ ಗಂಟು ಹುಟ್ಟುವುದು ಹಾಗೆ. ಈ ಕ್ಷೇತ್ರದ ಕೆಲಸಕ್ಕೆ ವಿಲಿಯಂ ಕೇಲಿನ್, ಪೀಟರ್ ರಾಟ್‌ಕ್ಲಿಫ್, ಗ್ರೆಗ್ ಸೆಮೆಂಜಾ 2019ರ ನೊಬೆಲ್ ಪಡೆದರು. ಆ ತಪ್ಪು ಸಂದೇಶವನ್ನು ತಡೆಯುವ ಬೆಲ್ಜುಟಿಫಾನ್ ಎಂಬ ಮಾತ್ರೆಗೆ 2021ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಕಿರುಮೆದುಳಿನ ಚೀಲವನ್ನು ಸುಮ್ಮನೆ ಸಿಸ್ಟ್ ಎಂದು ಬರೆದು ಮುಗಿಸಿದ್ದರೆ ಈ ದಾರಿಯೇ ತೆರೆಯುತ್ತಿರಲಿಲ್ಲ. ಒಬ್ಬ ರೋಗಿಯ ಮಟ್ಟದಲ್ಲೂ ಇದು ನಿಜ. ಗಂಟನ್ನು ಸರಿಯಾಗಿ ಗುರುತಿಸಿದ ವೈದ್ಯರು ಆ ರೋಗಿಯ ಕಣ್ಣು, ಮೂತ್ರಪಿಂಡಗಳನ್ನು ಪರೀಕ್ಷಿಸುತ್ತಾರೆ, ಒಡಹುಟ್ಟಿದವರನ್ನೂ ಮಕ್ಕಳನ್ನೂ ಕರೆಸುತ್ತಾರೆ. ಈ ಕಾಯಿಲೆಯಲ್ಲಿ ಪ್ರಾಣಕ್ಕೆ ಎರವಾಗುವುದು ಎಷ್ಟೋ ಬಾರಿ ಮೂತ್ರಪಿಂಡದ ಕ್ಯಾನ್ಸರ್. ಮಿದುಳಿನ ಸಿಸ್ಟಿನ ಗೋಡೆಯಲ್ಲಿ ಅದರ ಮುನ್ಸೂಚನೆ ಬರೆದಿರುತ್ತದೆ.

ಇದಕ್ಕೆ ಒಂದು ಆಕ್ಷೇಪವಿದೆ. ಈ ಗಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲವಲ್ಲ, ನಿಧಾನವಾಗಿ ಬೆಳೆಯುವಂಥವೇ ತಾನೇ, ಹಾಗಿದ್ದ ಮೇಲೆ ಸಿಸ್ಟ್ ಎಂದು ಕರೆದರೇನು, ಗಡ್ಡೆ ಎಂದು ಕರೆದರೇನು ಎಂಬುದು ಆ ಆಕ್ಷೇಪ. ಕೋಶದ ಸ್ವಭಾವದ ಮಟ್ಟಿಗೆ ಮಾತು ನಿಜ. ಆದರೆ ಬುರುಡೆ ಹಿಗ್ಗುವ ಪಾತ್ರೆಯಲ್ಲ, ಅದರೊಳಗೆ ಕೋಶದ ಸ್ವಭಾವದಷ್ಟೇ ಕೂತ ಜಾಗವೂ ಮುಖ್ಯ. ಕೊಲಾಯ್ಡ್ ಸಿಸ್ಟ್ ಇದಕ್ಕೆ ಕಟುವಾದ ಉದಾಹರಣೆ. ಅದರ ಕೋಶಗಳಲ್ಲಿ ಕೇಡಿಲ್ಲ, ಗಾತ್ರ ಒಂದೆರಡು ಸೆಂಟಿಮೀಟರ್. ಆದರೆ ಅದು ಕೂರುವುದು ಮಿದುಳಿನ ದ್ರವ ಪಕ್ಕದ ಕುಹರಗಳಿಂದ ಮೂರನೇ ಕುಹರಕ್ಕೆ ಇಳಿಯುವ ಕಿರುದ್ವಾರದ ಬಾಯಲ್ಲಿ. ಆ ದ್ವಾರ ಮುಚ್ಚಿದರೆ ಒತ್ತಡ ಏರಿ, ನಿನ್ನೆಯವರೆಗೆ ತಲೆನೋವು ಬಿಟ್ಟರೆ ಬೇರೇನೂ ಇರದ ವ್ಯಕ್ತಿ ಹಠಾತ್ತನೆ ಸಾಯಬಹುದು. ಡ್ಯಾಂಡಿ ಇಂಥ ಸಿಸ್ಟನ್ನು 1921ರಲ್ಲಿ ತೆಗೆದರು. 1933ರಲ್ಲಿ ಮೂರನೇ ಕುಹರದ ಸೌಮ್ಯ ಗಡ್ಡೆಗಳ ಬಗ್ಗೆಯೇ ಇಡೀ ಪುಸ್ತಕ ಬರೆದರು. ಸೌಮ್ಯವಾದದ್ದನ್ನು ತಡವಾಗಿ ಗುರುತಿಸಿದರೆ ಅದೂ ಕೊಲ್ಲುತ್ತದೆ ಎಂಬುದೇ ಆ ಪುಸ್ತಕಕ್ಕಿದ್ದ ಅಗತ್ಯ. ಎಪಿಡರ್ಮಾಯ್ಡ್ ಇನ್ನೊಂದು ಬಗೆಯ ಉದಾಹರಣೆ. ಅದು ಚರ್ಮ ಬೆಳೆಯುವ ವೇಗದಲ್ಲಿ ಬೆಳೆಯುತ್ತಾ ಮುಖದ ನರ, ಕಿವಿಯ ನರ, ರಕ್ತನಾಳಗಳ ಸಂದಿಗಳಲ್ಲೆಲ್ಲ ಹರಡಿಕೊಳ್ಳುತ್ತದೆ. ಒಳಗಿನ ಹೊಟ್ಟು ನಿರ್ಜೀವ. ಜೀವವಿರುವುದು ತೆಳುವಾದ ಹೊರಪೊರೆಯಲ್ಲಿ. ಪೊರೆಯ ಚೂರು ಉಳಿದರೆ ಅದು ಮತ್ತೆ ಬೆಳೆಯುತ್ತದೆ, ಒಳಗಿನದು ಸೋರಿದರೆ ಮಿದುಳುಪೊರೆ ಉರಿಯೂತಕ್ಕೆ ಒಳಗಾಗುತ್ತದೆ. ಅರಾಕ್ನಾಯ್ಡ್ ಸಿಸ್ಟ್ ಎಂದು ತಿಳಿದು ಕಿಟಕಿ ತೆರೆದು ನೀರು ಬಿಡಲು ಹೊರಟ ಶಸ್ತ್ರಚಿಕಿತ್ಸಕನಿಗೆ ಒಳಗೆ ಈ ಮುತ್ತಿನ ಗಡ್ಡೆ ಎದುರಾದರೆ, ಅವನು ಸಿದ್ಧನಾಗಿ ಬಂದ ಶಸ್ತ್ರಚಿಕಿತ್ಸೆಯೇ ಬೇರೆ, ಮಾಡಬೇಕಾದ್ದೇ ಬೇರೆ.

ಸಿ.ಟಿ. ಮತ್ತು ಎಂಆರ್‌ಐ ಬಂದ ಮೇಲೂ ಸರಿಯಾಗಿ ಈ ಜೋಡಿಯೇ ವೈದ್ಯರನ್ನು ಬಹಳ ಕಾಲ ಕಾಡಿತು. ಸಿ.ಟಿ.ಯಲ್ಲಿ ಅರಾಕ್ನಾಯ್ಡ್ ಸಿಸ್ಟೂ ಕಪ್ಪು, ಎಪಿಡರ್ಮಾಯ್ಡೂ ಕಪ್ಪು. 1980ರ ದಶಕದಲ್ಲಿ ಎಂಆರ್‌ಐ ಬಂದಾಗಲೂ ಸಾಮಾನ್ಯ ಚಿತ್ರಗಳಲ್ಲಿ ಎರಡೂ ಮಿದುಳಿನ ದ್ರವದಂತೆಯೇ ತೋರುತ್ತಿದ್ದವು. ಬೇರ್ಪಡಿಸಿದ್ದು ಡಿಫ್ಯೂಷನ್ ಎಂಬ ತಂತ್ರ. ನೀರಿನ ಅಣುಗಳು ಎಷ್ಟು ಸಲೀಸಾಗಿ ಅಡ್ಡಾಡುತ್ತಿವೆ ಎಂಬುದನ್ನು ಅದು ಅಳೆಯುತ್ತದೆ. ಫ್ರಾನ್ಸಿನ ಡೆನಿಸ್ ಲೆ ಬಿಹಾನ್ 1980ರ ದಶಕದ ನಡುವಿನಲ್ಲಿ ಅದನ್ನು ಮಿದುಳಿಗೆ ಅಳವಡಿಸಿದರು. 1990ರಲ್ಲಿ ಕ್ಯಾಲಿಫೋರ್ನಿಯಾದ ವೈದ್ಯರು ಎಪಿಡರ್ಮಾಯ್ಡ್ ಮತ್ತು ಅರಾಕ್ನಾಯ್ಡ್ ಸಿಸ್ಟ್‌ಗಳನ್ನು ಅದರಿಂದ ಬೇರ್ಪಡಿಸಬಹುದೆಂದು ತೋರಿಸಿದರು. ಅರಾಕ್ನಾಯ್ಡ್ ಸಿಸ್ಟ್‌ನ ತಿಳಿನೀರಿನಲ್ಲಿ ಅಣುಗಳಿಗೆ ಅಡ್ಡಿಯಿಲ್ಲ, ಅದು ಕಪ್ಪಾಗಿ ಕಾಣುತ್ತದೆ. ಎಪಿಡರ್ಮಾಯ್ಡಿನ ಹೊಟ್ಟಿನ ಪದರಗಳ ನಡುವೆ ಅಣುಗಳು ಸಿಕ್ಕಿಕೊಳ್ಳುತ್ತವೆ, ಅದು ಬೆಳ್ಳಗೆ ಹೊಳೆಯುತ್ತದೆ. ಕ್ರೂವೇಯ್ಲಿಯೇ 1829ರಲ್ಲಿ ಮೇಜಿನ ಮೇಲೆ ಕಂಡ ವ್ಯತ್ಯಾಸವನ್ನು ಬದುಕಿರುವವರಲ್ಲಿ ಕಾಣಲು 161 ವರ್ಷ ಹಿಡಿಯಿತು. ಇಲ್ಲಿ ಯಂತ್ರ ಗೆದ್ದಿತು, ನಿಜ. ಆದರೆ ಬೆಳ್ಳಗಿರುವುದು ಎಪಿಡರ್ಮಾಯ್ಡ್ ಎಂದು ಯಂತ್ರಕ್ಕೆ ಮೊದಲೇ ಗೊತ್ತಿರಲಿಲ್ಲ. ಗಡ್ಡೆಯ ಒಳಗೇನಿದೆ ಎಂಬುದನ್ನು ರೋಗಶಾಸ್ತ್ರ ಮೊದಲೇ ಹೇಳಿಟ್ಟಿದ್ದರಿಂದ, ತೆಗೆದ ಗಡ್ಡೆಗಳ ಜೊತೆ ಚಿತ್ರಗಳನ್ನು ತಾಳೆ ನೋಡಿದ್ದರಿಂದ ಆ ಬಿಳುಪಿಗೆ ಅರ್ಥ ಬಂತು.

ಹಾಗಾದರೆ ಆ ಅರ್ಥ ಒಮ್ಮೆ ಸಿಕ್ಕ ಮೇಲೆ ಅಂಗಾಂಶದ ಗೊಡವೆ ಏಕೆ, ಯಂತ್ರವೇ ಸಾಲದೇ ಎಂದು ಕೇಳಬಹುದು. ಇದಕ್ಕೆ ಉತ್ತರ ನಮ್ಮ ದೇಶದ ಚರಿತ್ರೆಯಲ್ಲೇ ಇದೆ. ಸಿ.ಟಿ. ಭಾರತಕ್ಕೆ ಬಂದ ಮೊದಲ ವರ್ಷಗಳಲ್ಲಿ, ಫಿಟ್ಸ್ ಬಂದ ಅನೇಕರ ಮಿದುಳಿನಲ್ಲಿ ಉಂಗುರದಂತೆ ಹೊಳೆಯುವ ಒಂಟಿ ಮಚ್ಚೆಯೊಂದು ಕಾಣತೊಡಗಿತು. ನಮ್ಮಲ್ಲಿ ಕ್ಷಯ ಹೆಚ್ಚು. ಮಿದುಳಿನ ಕ್ಷಯದ ಗಂಟನ್ನು ನಮ್ಮ ವೈದ್ಯರು ಚೆನ್ನಾಗಿ ಬಲ್ಲವರು. ಹಾಗಾಗಿ ಅದನ್ನು ಕ್ಷಯವೆಂದೇ ಎಣಿಸಿ ರೋಗಿಗಳಿಗೆ ತಿಂಗಳುಗಟ್ಟಲೆ ಕ್ಷಯದ ಔಷಧಿ ಕೊಡುತ್ತಿದ್ದರು. ಮಚ್ಚೆ ಮಾಯವಾಗುತ್ತಿತ್ತು, ಔಷಧಿ ಫಲಿಸಿತೆಂದು ಎಲ್ಲರೂ ತಿಳಿಯುತ್ತಿದ್ದರು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ನರಶಸ್ತ್ರಚಿಕಿತ್ಸಕರು ಇಂಥ ಮಚ್ಚೆಗಳ ಅಂಗಾಂಶ ತೆಗೆದು ಪರೀಕ್ಷಿಸಿ, 1989ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು: ಅವುಗಳಿಗೆ ಕಾರಣ ಲಾಡಿಹುಳುವಿನ ಮರಿಯ ಸಿಸ್ಟ್. ಹುಳುಮರಿ ಸತ್ತು, ಸುತ್ತ ಉರಿಯೂತ ಎದ್ದು, ಕ್ರಮೇಣ ತಾನಾಗಿಯೇ ಕರಗುತ್ತಿತ್ತು. ಮುಂದೆ ಅದೇ ತಂಡ, ಒಂಟಿಯಾಗಿರಬೇಕು, 20 ಮಿಲಿಮೀಟರಿಗಿಂತ ಚಿಕ್ಕದಿರಬೇಕು, ಮಿದುಳನ್ನು ಪಕ್ಕಕ್ಕೆ ದೂಡುವಷ್ಟು ಬಾವು ಇರಬಾರದು ಎಂಬಂಥ ನಿಯಮಗಳನ್ನು ರೂಪಿಸಿತು. ಆ ನಿಯಮಗಳ ಬಲದಿಂದ ಸಾವಿರಾರು ರೋಗಿಗಳಿಗೆ ಬಯಾಪ್ಸಿಯೂ ತಪ್ಪಿತು, ಬೇಡದ ಕ್ಷಯದ ಔಷಧಿಯೂ ತಪ್ಪಿತು. ಕೆಲವರ ಅಂಗಾಂಶವನ್ನು ನೋಡಿದ್ದರಿಂದಲೇ ಉಳಿದವರ ಅಂಗಾಂಶವನ್ನು ಮುಟ್ಟದೆ ಬಿಡಲು ಸಾಧ್ಯವಾಯಿತು. ಚಿತ್ರದ ಮಾತಿಗೆ ಜಾಮೀನು ನಿಲ್ಲುವುದು ಯಾವಾಗಲೂ ಅಂಗಾಂಶ. ಹೊಸ ಊರು, ಹೊಸ ರೋಗ, ಹೊಸ ಯಂತ್ರ ಬಂದಾಗಲೆಲ್ಲ ಆ ಜಾಮೀನನ್ನು ಹೊಸದಾಗಿ ಪಡೆಯಬೇಕಾಗುತ್ತದೆ.

ಗೋಡೆಯನ್ನು ಅರಿಯದೆ ಸೂಜಿ ಹಾಕುವುದರ ಅಪಾಯಕ್ಕೆ ಹೈಡಾಟಿಡ್ ಸಿಸ್ಟ್‌ಗಿಂತ ದೊಡ್ಡ ಪಾಠವಿಲ್ಲ. ನಾಯಿ ಮತ್ತು ಕುರಿಗಳ ನಡುವೆ ಸುತ್ತುವ ಒಂದು ಪರೋಪಜೀವಿ ಮನುಷ್ಯನ ಹೊಟ್ಟೆ ಸೇರಿ, ಅಪರೂಪಕ್ಕೆ ಮಿದುಳಿಗೂ ಬರುತ್ತದೆ. ಸ್ಕ್ಯಾನ್‌ನಲ್ಲಿ ಅದು ಅಚ್ಚ ದುಂಡನೆಯ, ತಿಳಿನೀರಿನ, ಯಾರಿಗೂ ಕೇಡು ಮಾಡದ ಚೀಲದಂತೆ ಕಾಣುತ್ತದೆ. ಅದಕ್ಕೆ ಸೂಜಿ ಚುಚ್ಚಿದರೆ ದ್ರವದಲ್ಲಿರುವ ಮರಿಗಳು ಸುತ್ತ ಚೆಲ್ಲಿ ಹತ್ತಾರು ಹೊಸ ಸಿಸ್ಟ್‌ಗಳು ಹುಟ್ಟಬಹುದು, ತೀವ್ರ ಅಲರ್ಜಿಯಿಂದ ರೋಗಿಯ ರಕ್ತದೊತ್ತಡ ಮೇಜಿನ ಮೇಲೆಯೇ ಕುಸಿಯಬಹುದು. ಹಾಗಾಗಿ ದಕ್ಷಿಣ ಅಮೆರಿಕದ ಕುರಿನಾಡುಗಳ ಶಸ್ತ್ರಚಿಕಿತ್ಸಕರು ಬೇರೆಯದೇ ಕ್ರಮ ರೂಢಿಸಿದರು: ಚೀಲವನ್ನು ಎಲ್ಲೂ ಮುಟ್ಟದೆ, ಅದರ ಮತ್ತು ಮಿದುಳಿನ ನಡುವೆ ಲವಣದ ನೀರನ್ನು ಮೆಲ್ಲಗೆ ಬಿಟ್ಟು, ತಲೆಯನ್ನು ಬಾಗಿಸಿ, ಇಡೀ ಚೀಲ ಒಡೆಯದೆ ತಾನಾಗಿ ಜಾರಿ ಹೊರಬರುವಂತೆ ಮಾಡುವುದು. ಕಿರುಮೆದುಳಿನ ಹಿಮಾಂಜಿಯೋಬ್ಲಾಸ್ಟೋಮದಲ್ಲಿ ಗೋಡೆಯನ್ನು ಬಿಟ್ಟು ಗಂಟನ್ನು ಮಾತ್ರ ತೆಗೆಯಬೇಕು, ಎಪಿಡರ್ಮಾಯ್ಡಿನಲ್ಲಿ ಗೋಡೆಯನ್ನೇ ತೆಗೆಯಬೇಕು, ಹೈಡಾಟಿಡ್‌ನಲ್ಲಿ ಗೋಡೆ ಹರಿಯದಂತೆ ಕಾಯಬೇಕು, ಅರಾಕ್ನಾಯ್ಡ್ ಸಿಸ್ಟ್‌ನಲ್ಲಿ ಬಹಳ ಸಲ ಏನನ್ನೂ ಮಾಡಬೇಕಿಲ್ಲ. ಚಿತ್ರದಲ್ಲಿ ಒಂದರಂತೆ ಒಂದಿರುವ ನಾಲ್ಕು ಚೀಲಗಳಿಗೆ ನಾಲ್ಕು ಚಿಕಿತ್ಸೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ಅಂಗಾಂಶವೂ ತಪ್ಪು ಹೇಳುತ್ತದೆ ಎಂಬುದು ಅದು. ಹಿಮಾಂಜಿಯೋಬ್ಲಾಸ್ಟೋಮದ ಚೀಲದ ಗೋಡೆಯಿಂದ ಚೂರು ತೆಗೆದು ಕಳಿಸಿದರೆ, ಪ್ರಯೋಗಾಲಯ ಅದನ್ನು ಒತ್ತಡಕ್ಕೆ ಸಿಕ್ಕ ಸಾಮಾನ್ಯ ಮಿದುಳು ಎಂದೇ ಬರೆಯುತ್ತದೆ. ಬರೆದದ್ದು ಸರಿ, ಚೂರು ತೆಗೆದ ಜಾಗ ತಪ್ಪು. ಈ ಆಕ್ಷೇಪವನ್ನು ಒಪ್ಪಲೇಬೇಕು. ಗಂಟು ಎಲ್ಲಿದೆ ಎಂದು ತೋರಿಸುವುದು ಇಂದು ಎಂಆರ್‌ಐಯ ಕೆಲಸ. ರಕ್ತನಾಳಕ್ಕೆ ಔಷಧಿ ಕೊಟ್ಟು ತೆಗೆದ ಚಿತ್ರದಲ್ಲಿ ಕಡಲೆಬೇಳೆಯಷ್ಟು ಗಂಟೂ ಹೊಳೆಯುತ್ತದೆ. ಆದ್ದರಿಂದ ನನ್ನ ವಾದ ಯಂತ್ರದ ವಿರುದ್ಧದ್ದಲ್ಲ. ಸಿಸ್ಟ್ ಕಂಡವರೆಲ್ಲರಿಗೂ ಬಯಾಪ್ಸಿ ಮಾಡಿ ಎಂಬುದೂ ಅಲ್ಲ. ಬೇರೇನಕ್ಕೋ ಎಂಆರ್‌ಐ ಮಾಡಿಸಿದ ನೂರು ಜನರಲ್ಲಿ ಒಬ್ಬಿಬ್ಬರಲ್ಲಿ ಅರಾಕ್ನಾಯ್ಡ್ ಸಿಸ್ಟ್ ಕಾಣುತ್ತದೆ. ಅವರಲ್ಲಿ ಹೆಚ್ಚಿನವರಿಗೆ ಧೈರ್ಯದ ಮಾತು ಬಿಟ್ಟರೆ ಬೇರೆ ಚಿಕಿತ್ಸೆ ಬೇಡ. ಗೋಡೆಯನ್ನು ನೋಡಬೇಕೆನ್ನುವ ಶಿಸ್ತು ಅವರನ್ನು ಬೇಡದ ಶಸ್ತ್ರಚಿಕಿತ್ಸೆಯಿಂದ ಉಳಿಸುವುದಕ್ಕೂ ಬೇಕು. ಗೋಡೆ ತೆಳುವಾಗಿ, ನುಣುಪಾಗಿ, ಎಲ್ಲೂ ಹೊಳೆಯದೆ ಇದ್ದು, ಡಿಫ್ಯೂಷನ್‌ನಲ್ಲೂ ತಿಳಿನೀರೇ ಕಂಡರೆ ವೈದ್ಯರು ಧೈರ್ಯವಾಗಿ ಮನೆಗೆ ಕಳಿಸಬಹುದು. ಗೋಡೆ ಒಂದು ಕಡೆ ದಪ್ಪವಿದ್ದರೆ, ಗಂಟಿದ್ದರೆ, ಆರು ತಿಂಗಳ ಮೇಲೆ ಮತ್ತೆ ನೋಡಿದಾಗ ಬದಲಾಗಿದ್ದರೆ, ಆಗ ಸಿಸ್ಟ್ ಎಂಬ ಮಾತನ್ನು ಕೊನೆಯ ಮಾತೆಂದು ತಿಳಿಯಬಾರದು. ಅನುಮಾನ ಉಳಿಯುವುದಾದರೆ ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿ ನೋಡುವುದೂ ರೋಗನಿದಾನವೇ. ಕುಶಿಂಗ್ ಮತ್ತು ಐಸೆನ್‌ಹಾರ್ಟ್ ವರ್ಷಗಟ್ಟಲೆ ರೋಗಿಗಳ ಬೆನ್ನು ಹತ್ತಿ ವಿವರ ಬರೆದಿಟ್ಟದ್ದರ ಅರ್ಥವೂ ಅದೇ.

ಭಾರತದಲ್ಲಿ ಈ ಶಿಸ್ತು ಬೇರೂರಿದ್ದು ಸ್ವಾತಂತ್ರ್ಯದ ನಂತರ. 1949ರಲ್ಲಿ ವೆಲ್ಲೂರಿನಲ್ಲಿ ಜೇಕಬ್ ಚಾಂಡಿ, 1950ರಲ್ಲಿ ಮದ್ರಾಸಿನಲ್ಲಿ ಬಿ. ರಾಮಮೂರ್ತಿ ನರಶಸ್ತ್ರಚಿಕಿತ್ಸೆಯನ್ನು ಆರಂಭಿಸಿದರು. ಬೆಂಗಳೂರಿನಲ್ಲಿ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ 1954ರಲ್ಲಿ ಹುಟ್ಟಿದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಆರ್. ಮಾರ್ತಾಂಡ ವರ್ಮ ಆ ವಿಭಾಗವನ್ನು ಕಟ್ಟಿದರು. 1974ರಲ್ಲಿ ಆ ಸಂಸ್ಥೆ ಮತ್ತು ಆಸ್ಪತ್ರೆ ಕೂಡಿ ನಿಮ್ಹಾನ್ಸ್ ಆದಾಗ ಅದರ ಮೊದಲ ನಿರ್ದೇಶಕರೂ ಅವರೇ. ನಿಮ್ಹಾನ್ಸ್‌ನ ನರರೋಗಶಾಸ್ತ್ರ ವಿಭಾಗದಲ್ಲಿ ಎಸ್.ಕೆ. ಶಂಕರ್ ಅವರ ಮುಂದಾಳುತನದಲ್ಲಿ 1995ರಲ್ಲಿ ಮಾನವ ಮಿದುಳಿನ ಅಂಗಾಂಶ ಭಂಡಾರ ಸ್ಥಾಪನೆಯಾಯಿತು. ಜೊತೆಗಿರುವ ಮಿದುಳು ಸಂಗ್ರಹಾಲಯದಲ್ಲಿ ಗಡ್ಡೆ, ಕ್ಷಯ, ಹುಳುವಿನ ಸಿಸ್ಟ್‌ಗಳಿರುವ ನಿಜವಾದ ಮಿದುಳುಗಳನ್ನು ಸಾರ್ವಜನಿಕರೂ ನೋಡಬಹುದು. ಲಿಂಡೌ ತಮ್ಮ ಉತ್ತರವನ್ನು ಕಂಡುಕೊಂಡದ್ದು ಇಂಥ ಜಾಡಿಗಳಲ್ಲೇ ಎಂಬುದನ್ನು ನೆನೆದರೆ, ಆ ಕಪಾಟುಗಳು ಬರೀ ಪ್ರದರ್ಶನದ ವಸ್ತುಗಳಲ್ಲ ಎಂಬುದು ಅರ್ಥವಾಗುತ್ತದೆ.

ಇಂದು ಜಿಲ್ಲಾ ಕೇಂದ್ರಗಳಲ್ಲೂ ಸ್ಕ್ಯಾನ್ ಯಂತ್ರಗಳಿವೆ, ಇನ್ನಷ್ಟು ಬರುತ್ತಿವೆ. ಅದು ಬೇಕಾದದ್ದೇ. ಆದರೆ ಯಂತ್ರ ಕೊಳ್ಳಲು ಹಣ ಸಿಗುವಷ್ಟು ಸುಲಭವಾಗಿ ಆ ಯಂತ್ರದ ಚಿತ್ರಕ್ಕೆ ಅರ್ಥ ಕೊಡುವ ಕೆಲಸಕ್ಕೆ ಹಣ ಸಿಗುವುದಿಲ್ಲ. ನರರೋಗಶಾಸ್ತ್ರಜ್ಞರ ತರಬೇತಿ, ತೆಗೆದ ಗಡ್ಡೆಯನ್ನು ಜೋಪಾನವಾಗಿಡುವ ಭಂಡಾರ, ಕುಟುಂಬದವರ ಒಪ್ಪಿಗೆ ಪಡೆದು ನಡೆಸುವ ಶವಪರೀಕ್ಷೆ, ರೋಗಿಯನ್ನು ಐದು, ಹತ್ತು ವರ್ಷ ಹಿಂಬಾಲಿಸುವ ದಾಖಲೆ, ಇವು ಯಾವುವೂ ಉದ್ಘಾಟನೆಯ ಫಲಕ ಹಾಕಿಸಿಕೊಳ್ಳುವ ಕೆಲಸಗಳಲ್ಲ. ಕ್ರೂವೇಯ್ಲಿಯೇಯಿಂದ ವೆಲ್ಲೂರಿನವರೆಗೆ ಈ ಚರಿತ್ರೆ ಮುಂದಡಿಯಿಟ್ಟ ಪ್ರತಿ ಸಲವೂ ಅದರ ಹಿಂದೆ ಇದ್ದದ್ದು ಮಾತ್ರ ಇವೇ ಕೆಲಸಗಳು. ಸಿಸ್ಟ್‌ನಂತೆ ಕಾಣುವ ಅಪರೂಪದ ಗಡ್ಡೆಯನ್ನು ಒಬ್ಬ ವೈದ್ಯ ತನ್ನ ಇಡೀ ವೃತ್ತಿಜೀವನದಲ್ಲಿ ಕೆಲವೇ ಬಾರಿ ನೋಡಬಹುದು. ಒಬ್ಬರ ಅನುಭವ ಅದಕ್ಕೆ ಎಂದೂ ಸಾಲದು. ಹಲವರ ಅನುಭವವನ್ನು ಒಂದೆಡೆ ಕೂಡಿಟ್ಟು, ತಪ್ಪಿದ್ದನ್ನೂ ಸರಿಹೋದದ್ದನ್ನೂ ಒಂದೇ ಪ್ರಾಮಾಣಿಕತೆಯಿಂದ ಬರೆದಿಡುವ ಸಂಸ್ಥೆಗಳಿದ್ದರೆ ಮಾತ್ರ, ಮುಂದಿನ ರೋಗಿಯ ಸ್ಕ್ಯಾನಿನ ಕಪ್ಪು ಮಚ್ಚೆಯನ್ನು ಯಾರಾದರೂ ಸರಿಯಾಗಿ ಓದಬಲ್ಲರು. ಕರ್ನಾಟಕದ ಪ್ರತಿ ವೈದ್ಯಕೀಯ ಕಾಲೇಜೂ ಹೊಸ ಸ್ಕ್ಯಾನರಿಗೆ ಬರೆಯುವ ಅರ್ಜಿಯಲ್ಲೇ ರೋಗಶಾಸ್ತ್ರ ವಿಭಾಗದ ಹುದ್ದೆಗಳನ್ನೂ ಕೇಳಬೇಕು, ಸರ್ಕಾರ ಎರಡನ್ನೂ ಒಟ್ಟಿಗೇ ಕೊಡಬೇಕು.